ಪಂಕ್ತಿಗೆ ಕೂತ ಈರುಳ್ಳಿ

ಕಾರ್ತಿಕದ ಚಳಿ, ಬೆಳಗಿನ ಎಳೆ ಬಿಸಿಲು. ವಸಂತಪುರದ ಅಕ್ಕಯಮ್ಮ ತನ್ನ ಬೇಲಿಯ ಅಮೃತಬಳ್ಳಿ ಕುಯ್ದು, ತನ್ನ ಮನೆ ಮಹಡಿ ಮೇಲೆ ಬಾಡಿಗೆಗಿದ್ದ ಮೈತ್ರಿಯ ಕಾಲೇಜು ಲ್ಯಾಬಿಗೆ ತಂದುಕೊಟ್ಟಳು. ಕ್ಯಾನ್ಸರ್ ಔಷಧಿ ಈರುಳ್ಳಿ ಬೇರಿನ ವರ್ಣತಂತು ಮುರಿಯುತ್ತೆ, ಬಳ್ಳಿಯ ರಸ ಅದನ್ನು ಕಾಯುತ್ತಾ ಅನ್ನೋದೇ ಮೈತ್ರಿಯ ಪಿಎಚ್‌ಡಿ. ಎರಡು ಲೋಟದ ಬಾಯಿಗೆ ಒಂದೊಂದು ಈರುಳ್ಳಿ ಕೂರಿಸಿದಳು: ಒಂದು ಲೋಟಕ್ಕೆ ಬರೀ ಔಷಧಿ, ಇನ್ನೊಂದಕ್ಕೆ ರಸವೂ ಸೇರಿ.

ಆಮೇಲೊಂದು ದಿನ ಮೈತ್ರಿ ಮೈಕ್ರೋಸ್ಕೋಪಿನಿಂದ ತಲೆಯೆತ್ತಿ, ಮತ್ತೆ ಬಳ್ಳಿ ತಂದಿದ್ದ ಅಕ್ಕಯಮ್ಮನಿಗೆ, "ಎಲ್ಲಾ ಹೋಯ್ತಜ್ಜಿ! ಎರಡು ಬೇರೂ ಚೆನ್ನಾಗೇ ಇವೆ, ಬರೀ ಔಷಧಿ ಹಾಕಿದ್ದೂ ಕೆಟ್ಟಿಲ್ಲ. ರಸದ ಗುಣ ಹೆಂಗೆ ತೋರಿಸ್ಲಿ?" ಅಂತ ಅಳುಮುಖ ಮಾಡಿದಳು.

"ಅಯ್ಯೋ, ಆ ಬರೀ ಔಷಧಿ ಲೋಟಕ್ಕೂ ನಾನೇ ರಸ ಹುಯ್ದೆ ಕಣೆ. ಪಂಕ್ತೀಲಿ ಒಬ್ಬರಿಗೆ ಬಡಿಸಿ, ಪಕ್ಕದೋರನ್ನ ಬಿಡ್ತಾರಾ?"

ಮೈತ್ರಿ ಬಿದ್ದೂ ಬಿದ್ದೂ ನಕ್ಕು, ಅಜ್ಜಿಯನ್ನು ಹಿಡಿದು ಗಿರಗಿರ ತಿರುಗಿಸಿದಳು. "ಹಂಗಾದ್ರೆ ಎರಡನ್ನೂ ಉಳಿಸಿದ್ದು ನಿಮ್ಮ ಬಳ್ಳೀನೇ ಇರ್ಬೇಕು! ಮೊದಲಿಂದ ಮಾಡ್ತೀನಿ. ನೀವು ಮಾತ್ರ ಆಚೆ!"

ಶುಕ್ರವಾರ ಮೈತ್ರಿ ಹೊಸ ಈರುಳ್ಳಿ ಕೂರಿಸುವಾಗ, ಇಲ್ಲೇ ಇದ್ರೆ ಬಡಿಸದೆ ಇರೋಕಾಗಲ್ಲ ಅಂತ ಅಕ್ಕಯಮ್ಮ ನಗುತ್ತಾ ತಾನೇ ಎದ್ದು ಲ್ಯಾಬಿಂದ ಆಚೆ ಹೊರಟಳು.