ಹೆಣ್ಣೂ ಹೌದು, ಗಂಡೂ ಹೌದು

"ಹೆಣ್ಣನ್ನ ಗಂಡು ಅಂತ ಬರೆಸಿಬಿಟ್ರೆ ಗಡ್ಡ ಬರುತ್ತೇನಣ್ಣ?" ಎಂದು ಚಿಕ್ಕಪ್ಪ ಮಿಲ್ಕಿದಗಾನ್ ಕೇಳಿದಾಗ, ಸಾಕ್ಷಿಗೆ ಬಂದಿದ್ದ ನೆರೆಯ ಮೂವರೂ ಹೊಟ್ಟೆ ಹಿಡಿದು ನಕ್ಕರು. ಹಾಸಿಗೆ ಹಿಡಿದಿದ್ದ ಅಪ್ಪ ನಗಲಿಲ್ಲ.

"ನೀ ಓದಪ್ಪ," ಎಂದ ಕರಣಿಕನಿಗೆ.

ಕರಣಿಕ ಹಸಿ ಮಣ್ಣಿನ ಹಲಗೆಯನ್ನು ಬೆಳಕಿಗೆ ಹಿಡಿದ. "ನನ್ನ ಮಗಳು ತತಾಶೆ ಇಂದಿನಿಂದ ಹೆಣ್ಣೂ ಹೌದು, ಗಂಡೂ ಹೌದು. ನನ್ನ ಮನೆದೇವರುಗಳನ್ನೂ ನನ್ನ ಸತ್ತವರನ್ನೂ ಅವಳೇ ಹೆಸರು ಹಿಡಿದು ಕರೆಯತಕ್ಕದ್ದು."

ಗಂಡುಮಕ್ಕಳಿಲ್ಲದ ಮನೆಗಳಲ್ಲಿ ನಮ್ಮ ಎಮಾರ್ ಊರಿನವರು ಹೀಗೆ ಬರೆಸುತ್ತಾರೆ. ಬರೆಸದಿದ್ದರೆ ದೇವರುಗಳು, ಅವುಗಳ ಹಿಂದೆ ಮನೆಯೂ, ಚಿಕ್ಕಪ್ಪನ ಪಾಲು. ಮನೆ ಹೋದರೆ ಹೋಗಲಿ, ತೀರಿಕೊಂಡ ಅಮ್ಮನ ಹೆಸರು ಕರೆದು ನೀರೆರೆಯುವವರು ಯಾರು? ಬದುಕಿದ್ದಾಗಲೇ ಚಿಕ್ಕಪ್ಪ ಅವಳನ್ನು ಹೆಸರು ಹಿಡಿದು ಕರೆದವನಲ್ಲ. "ಏ, ರೊಟ್ಟಿ ತಾ" ಅಷ್ಟೇ.

ಮೂವರು ಮುದ್ರೆ ಒತ್ತಿದರು. ಚಿಕ್ಕಪ್ಪನದೊಂದು ಬಾಕಿ; ಪಾಲಿಗೆ ಬರುವ ಅವನೇ ಒತ್ತದಿದ್ದರೆ ಬರಹ ನಿಲ್ಲುವುದಿಲ್ಲ. ನಾನು ಗಂಡಸರ ಸಾಲಿನಲ್ಲಿ ಕೂರಲು ಹೋದೆ.

"ನೀನು ಕೂತ್ಕೊಂಡ್ರೆ ರೊಟ್ಟಿ ಯಾರು ತರ್ತಾರಮ್ಮ? ಹಸಿದ ಹೊಟ್ಟೇಲಿ ಮುದ್ರೆ ಒತ್ತೋದಾ?" ಎಂದ ಚಿಕ್ಕಪ್ಪ.

ಮಾಳಿಗೆಯ ಅಡುಗೆಮನೆಯಿಂದ ರೊಟ್ಟಿ ತಂದಿಟ್ಟೆ. ಈರುಳ್ಳಿ ಎಂದ, ಕೊಟ್ಟೆ. ಬೇಳೆ ಎಂದ, ಬೇಯಲಿಟ್ಟೆ. ಹೆಂಡ ಎಂದ. ಹತ್ತಿ ಇಳಿಯುವಾಗೆಲ್ಲ ನನ್ನ ಕಣ್ಣು ಹಲಗೆಯ ಮೇಲೆಯೇ. ಮಣ್ಣು ಒಣಗಿದರೆ ಮುದ್ರೆ ಕೂರುವುದಿಲ್ಲ. ಅದಕ್ಕೇ ಒದ್ದೆ ಬಟ್ಟೆ ಹೊದಿಸಿ ಹೋದೆ. ಹೆಂಡದ ಗಡಿಗೆ ಹೊತ್ತು ಬಂದರೆ ಚಿಕ್ಕಪ್ಪ ಆ ಬಟ್ಟೆಯಲ್ಲೇ ಕೈ ಒರೆಸಿಕೊಳ್ಳುತ್ತಿದ್ದ. ಹಲಗೆ ಬಿಸಿಲಲ್ಲಿತ್ತು.

"ಅಯ್ಯೋ, ಒಣಗೋಯ್ತಲ್ಲ! ಕೊಯ್ಲು ಮುಗೀಲಿ ಬಿಡು, ಮತ್ತೆ ಬರೆಸೋಣ."

ಅಪ್ಪ ಕೊಯ್ಲಿನ ತನಕ ಉಳಿಯುವವನಲ್ಲ. ಅದು ಚಿಕ್ಕಪ್ಪನಿಗೂ ಗೊತ್ತು.

"ನನ್ನ ಹತ್ರ ಬೇರೆ ಮಣ್ಣಿಲ್ಲ ತಾಯಿ," ಎಂದ ಕರಣಿಕ.

"ನನ್ನ ಹತ್ರ ಇದೆ."

ಒಲೆಯ ಬಿರುಕು ಮೆತ್ತಲೆಂದು ಯೂಫ್ರಟಿಸ್ ನದಿ ದಡದ ಮಣ್ಣನ್ನು ಬೆಳಿಗ್ಗೆಯೇ ಸೋಸಿ ನಾದಿಟ್ಟಿದ್ದೆ. ಹೊಟ್ಟು ಇನ್ನೂ ಬೆರೆಸಿರಲಿಲ್ಲ, ನನ್ನ ಪುಣ್ಯ. ಕರಣಿಕ ಅದನ್ನು ಬೆರಳಲ್ಲಿ ತಿಕ್ಕಿ ನೋಡಿದ.

"ನಾನು ಹದ ಮಾಡೋದಕ್ಕಿಂತ ನಯವಾಗಿದೆಯಲ್ಲಮ್ಮ!"

ಮತ್ತೆ ಬರೆದ. ಮೂವರೂ ಗೊಣಗುತ್ತಲೇ ಮತ್ತೆ ಒತ್ತಿದರು. ಈ ಸಲ ಹಲಗೆ ನನ್ನ ಕೈಯಲ್ಲಿತ್ತು. ಚಿಕ್ಕಪ್ಪ ಏನೇನು ಕೇಳಿದರೂ ಏಳಲಿಲ್ಲ.

"ಒತ್ತೋ ಮಾರಾಯ, ನಮಗೂ ಮನೆ ಮಠ ಇದೆ," ಎಂದು ಆ ನೆರೆಯವರೇ ಗದರಿದ ಮೇಲೆ ಚಿಕ್ಕಪ್ಪ ಕೊರಳಿನಿಂದ ಉರುಳೆಯಾಕಾರದ ಕಲ್ಲಿನ ಮುದ್ರೆ ಬಿಚ್ಚಿ ಮಣ್ಣಿನ ಮೇಲೆ ಉರುಳಿಸಿದ. ಆಮೇಲೆ ಬರಿದಾದ ಗಡಿಗೆಯನ್ನು ನನ್ನತ್ತ ತಳ್ಳಿದ.

"ಸರಿ ಕಣೋ ಮಗನೇ, ಈಗ ಹೆಂಡ ತಾ."

"ಈಗಿಲ್ಲಿ ಬರೀ ಗಂಡಸರೇ ಕೂತಿದೀವಲ್ಲ ಚಿಕ್ಕಪ್ಪ. ನೀವೇ ಎದ್ದು ತನ್ನಿ."

ಎಲ್ಲರೂ ನಕ್ಕರು. ಅಪ್ಪನೂ ನಕ್ಕ. ಯಾರೂ ಏಳಲಿಲ್ಲ.

ಅಷ್ಟರಲ್ಲಿ ಮಾಳಿಗೆಯಿಂದ ಬೇಳೆ ಸೀದ ವಾಸನೆ ಇಳಿದು ಬಂತು. ಆರೂ ಮುಖಗಳು ನನ್ನತ್ತ ತಿರುಗಿದವು. ಹಸಿ ಹಲಗೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೇ ಮೆಟ್ಟಿಲು ಹತ್ತಿದೆ.