ಗಾಜಿನ ಪೆಟ್ಟಿಗೆಯ ಭರಣಿ

"ಕುಂಕುಮದ ಭರಣಿ. ಕೊಟ್ಟವರು, ಮೈಲಮ್ಮ, ಹರಿಹರ" ಎಂದು ಸುಧಾ ಗಾಜಿನ ಪೆಟ್ಟಿಗೆಯೊಳಗಿನ ಚೀಟಿಯನ್ನು ಮೂರನೆಯ ಸಲ ಗಟ್ಟಿಯಾಗಿ ಓದಿದಳು. ಮೊದಲ ಸಲ ತಮ್ಮ ಅಶ್ವಥ್‌ನಿಗೆ, ಎರಡನೆಯ ಸಲ ಪಕ್ಕದಲ್ಲಿ ನಿಂತಿದ್ದ ಯಾರೋ ಗಂಡ ಹೆಂಡತಿಗೆ, ಈಗ ಇಡೀ ಗೋದಾಮಿಗೆ ಕೇಳುವ ಹಾಗೆ. ಅಜ್ಜಿಯ ಹೆಸರು ಅಚ್ಚಾಗಿದೆ ಎಂದರೆ ಸಾಮಾನ್ಯವೇ? ಮೈಲಮ್ಮ ಮಾತ್ರ ಆ ಕಡೆ ತಲೆ ಎತ್ತದೆ ಸೆರಗಿನ ತುದಿ ಹಿಂಡುತ್ತ ನಿಂತಿದ್ದಳು. ಬೇಗ ನೋಡಿ ಮುಗಿಸ್ರಿ, ಬಸ್ಸು ತಪ್ಪುತ್ತದೆ ಎಂದು ಆಗಲೇ ಎರಡು ಸಲ ಹೇಳಿಯಾಗಿತ್ತು. ಹರಿಹರಕ್ಕೆ ಗಳಿಗೆಗೊಂದು ಬಸ್ಸಿದೆ ಎಂಬುದು ಮೊಮ್ಮಕ್ಕಳಿಗೆ ಗೊತ್ತಿಲ್ಲದ್ದೇನಲ್ಲ.

ದಾವಣಗೆರೆಯ ಮುಚ್ಚಿದ ಗಿರಣಿಯೊಂದರ ಹತ್ತಿ ಗೋದಾಮು ಅದು. ಎಲ್ಲೆಲ್ಲಿಂದಲೋ ಗಂಟುಮೂಟೆ ಕಟ್ಟಿಕೊಂಡು ಗಿರಣಿ ಕೆಲಸಕ್ಕೆ ಬಂದು ಕೊನೆಗೆ ಇಲ್ಲಿಯವರೇ ಆಗಿಹೋದವರ ಸಾಮಾನುಗಳನ್ನು ಕೂಡಿಹಾಕಿ, ಹಳೆಯ ಕೆಲಸಗಾರ ಹಿದಾಯತ್ ಮತ್ತವನ ನಾಲ್ಕು ಜನ ಗೆಳೆಯರು ಅದನ್ನು ಮ್ಯೂಸಿಯಂ ಮಾಡಿದ್ದರು. ತಗಡಿನ ಟ್ರಂಕು, ಬೀಸುವ ಕಲ್ಲು, ಊರು ಬಿಡುವಾಗ ಹೊದ್ದು ಬಂದ ಕಂಬಳಿ, ಇಂಥವೇ. ನಿಮ್ಮ ಮನೆಯದೂ ಒಂದಿರಲಿ ಎಂದು ಹಿದಾಯತ್ ಹರಿಹರಕ್ಕೇ ಬಂದು ಕೂತಾಗ, ಮೈಲಮ್ಮನ ಮಗ ಹಿಂದುಮುಂದು ನೋಡದೆ ಅಟ್ಟದ ಪೆಟ್ಟಿಗೆಯಿಂದ ಹಿತ್ತಾಳೆಯ ಭರಣಿ ತೆಗೆದು ಕೈಗಿಟ್ಟಿದ್ದ. ಏನಿದು ಎಂದು ಹಿದಾಯತ್ ಕೇಳಿದ. ಮೈಲಮ್ಮ ಬಾಯಿಗೆ ಬಂದದ್ದನ್ನು ಹೇಳಿಬಿಟ್ಟಳು. ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದಳು ಪಾಪ. ಆ ಸುಳ್ಳು ಚೀಟಿಯಾಗಿ ಗಾಜಿನೊಳಗೆ ಕೂರುತ್ತದೆ ಎಂದು ಅವಳಿಗೇನು ಗೊತ್ತು.

ಆ ಭರಣಿಯಲ್ಲಿ ಕುಂಕುಮ ಒಂದು ದಿನವೂ ಇರಲಿಲ್ಲ. ಇದ್ದದ್ದು ಅಫೀಮು.

ಮೈಲಮ್ಮನ ಅಪ್ಪ ಜಂಬಯ್ಯ ಹರಪನಹಳ್ಳಿ ಕಡೆಯಿಂದ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಬಂದವನು. ಗಂಡ ಹೆಂಡತಿ ಇಬ್ಬರಿಗೂ ಗಿರಣಿಯಲ್ಲಿ ಕೆಲಸ ಸಿಕ್ಕಿತು. ಊರಲ್ಲಾಗಿದ್ದರೆ ಮೈಲಮ್ಮನ ತಮ್ಮನನ್ನು, ಮೊಲೆ ಕುಡಿಯುವ ಕೂಸನ್ನು ಎತ್ತಿಕೊಳ್ಳಲು ದೊಡ್ಡಮ್ಮ, ಚಿಕ್ಕಮ್ಮ, ನೆರೆಮನೆಯವರು ಎಂದು ಹತ್ತು ಕೈಗಳಿದ್ದವು. ಇಲ್ಲಿ ಯಾರಿದ್ದರು? ಗಿರಣಿಯ ಹೆಂಗಸರೆಲ್ಲ ಮಾಡುತ್ತಿದ್ದುದನ್ನೇ ಅವ್ವನೂ ಮಾಡಿದಳು. ಪಾಳಿಯ ಸೈರನ್ ಕೂಗುವ ಮುಂಚೆ ಸಾಸಿವೆ ಕಾಳಿಗಿಂತ ಚಿಕ್ಕ ಚೂರನ್ನು ಮೊಲೆಹಾಲಿನಲ್ಲಿ ತೇದು ಕೂಸಿಗೆ ನೆಕ್ಕಿಸುವುದು, ಸೀರೆಯ ಜೋಲಿಯಲ್ಲಿ ಮಲಗಿಸುವುದು, ಮೈಲಮ್ಮನನ್ನು ಕಾವಲಿಗೆ ಕೂರಿಸಿ ಓಡುವುದು. ಒಂದು ಮಧ್ಯಾಹ್ನ ಕೂಸು ಬೇಗ ಎದ್ದಿತು. ಅತ್ತಿತು, ಅತ್ತೇ ಅತ್ತಿತು. ಮೈಲಮ್ಮ ಅವ್ವ ಮಾಡಿದ ಹಾಗೆಯೇ ಭರಣಿ ತೆಗೆದು, ನೀರಿನಲ್ಲಿ ತೇದು, ಬೆರಳಲ್ಲಿ ನೆಕ್ಕಿಸಿದಳು. ಅಳು ನಿಂತಿತು. ಸಂಜೆ ಅವ್ವ ಬಂದು ಎಬ್ಬಿಸಿದರೆ ಕೂಸು ಏಳಲಿಲ್ಲ.

ವಠಾರದವರೆಲ್ಲ ಸೇರಿದಾಗ ಅವ್ವ, ನನ್ನ ಕೈಯಿಂದಲೇ ಹೆಚ್ಚಾಯಿತು ಎಂದಳು. ಮುಚ್ಚಳ ತೆರೆದುಬಿದ್ದಿದ್ದ ಭರಣಿಯನ್ನು ಅವಳು ನೋಡಿದ್ದಳು. ಮಗಳನ್ನು ಒಂದು ಮಾತು ಕೇಳಲಿಲ್ಲ, ಸಾಯುವ ತನಕ ಕೇಳಲಿಲ್ಲ. ಹೆತ್ತ ಮಗನನ್ನೇ ತಿಂದವಳು ಎಂದು ಕೇರಿಯವರು ಆಡಿದ್ದನ್ನೆಲ್ಲ ಕೇಳಿಸಿಕೊಂಡೇ ಗಿರಣಿಗೆ ಹೋದಳು, ಬಂದಳು, ಬದುಕಿದಳು. ಮೈಲಮ್ಮ ಬಾಯಿ ಬಿಡಲಿಲ್ಲ. ಅಷ್ಟೂ ತಿಳಿಯದವಳಾಗಿದ್ದೆನೇ ನಾನು ಎಂದು ತನ್ನನ್ನು ತಾನೇ ಶಪಿಸಿಕೊಳ್ಳುತ್ತ ಐವತ್ತು ವರ್ಷ ಕಳೆದಳು.

ಈಗ ಮೊಮ್ಮಕ್ಕಳನ್ನು ಮುಂದಿನ ಗಾಜಿನ ಪೆಟ್ಟಿಗೆಗೆ ಸಾಗಹಾಕಬೇಕು ಎನ್ನುವಷ್ಟರಲ್ಲಿ, ಕಿಟಕಿಯ ಬಳಿ ಬೆಂಚಿನ ಮೇಲೆ ಕೂತಿದ್ದ ಮುದುಕಿಯೊಬ್ಬಳು ಕೋಲೂರಿಕೊಂಡು ಬಂದಳು. ಹೆಸರು ಅಂಜಿನವ್ವ. ಇದೇ ಗಿರಣಿಯಲ್ಲಿ ದುಡಿದವಳು, ಹೊತ್ತು ಹೋಗದಿದ್ದರೆ ಇಲ್ಲಿಗೇ ಬಂದು ಕೂರುತ್ತಾಳೆ. ಸುಧಾ ಓದಿದ್ದು ಅವಳಿಗೂ ಕೇಳಿಸಿತ್ತು.

"ಯಾವ ಕುಂಕುಮ ತಂಗಿ" ಎಂದಳು. "ಇದು ಅಫೀಮಿನ ಭರಣಿ. ನನ್ನತ್ರನೂ ಒಂದಿತ್ತು."

ಸುಧಾ ತಬ್ಬಿಬ್ಬಾಗಿ ಅಜ್ಜಿಯ ಮುಖ ನೋಡಿದಳು. ಅಂಜಿನವ್ವನೂ ನೋಡಿದಳು, ಹತ್ತಿರ ಬಂದು ಕಣ್ಣು ಕಿರಿದು ಮಾಡಿ ನೋಡಿದಳು. ಜಂಬಯ್ಯನ ಮಗಳು ಮೈಲಿ ಅಲ್ಲವೇನು ಎಂದಳು, ಕೈ ಹಿಡಿದುಕೊಂಡಳು, ಒಂದೇ ವಠಾರದಲ್ಲಿದ್ದೆವಲ್ಲೇ ಎಂದು ಖುಷಿಪಟ್ಟಳು. ಆಮೇಲೆ ಮಕ್ಕಳ ಕಡೆ ತಿರುಗಿ, ಆಗಿನ ಕಾಲದಲ್ಲಿ ಗಿರಣಿ ಹೆಂಗಸರು ಕೂಸುಗಳನ್ನು ಹೇಗೆ ಮಲಗಿಸಿ ಬರುತ್ತಿದ್ದರೆಂದು ಬಿಡಿಸಿ ಹೇಳಿದಳು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಸುಧಾ ಶಾಲೆಗೆಂದು ತಂದಿದ್ದ ನೋಟುಬುಕ್ಕು ತೆರೆದು ಬರೆದುಕೊಳ್ಳತೊಡಗಿದಳು.

"ನಿಮ್ಮ ಮುತ್ತಜ್ಜಿ ಕೈ ಒಂದಿನ ಹೆಚ್ಚು ಬಿದ್ದುಬಿಡ್ತು" ಎಂದಳು ಅಂಜಿನವ್ವ. "ಗಂಡು ಕೂಸು. ಬೆಳ್ಳಗೆ ಚಂದ ಇತ್ತು."

ಪೆನ್ಸಿಲ್ಲು ಹಾಳೆಯ ಮೇಲೆ ಓಡಿತು. ಮೊಮ್ಮಗಳ ದುಂಡು ಅಕ್ಷರಗಳಲ್ಲಿ 'ಮುತ್ತಜ್ಜಿ' ಎಂದು ಮೂಡಿದ್ದನ್ನು ಮೈಲಮ್ಮ ಕಂಡಳು. ಸುಮ್ಮನಿದ್ದರೆ ಸಾಕಿತ್ತು, ಸುಮ್ಮನಿರುವುದು ಅವಳಿಗೆ ರೂಢಿಯೇ. ಆದರೆ ಅವ್ವ ಹೊತ್ತ ಮಾತನ್ನು ಇನ್ನು ಈ ಹುಡುಗಿಯೂ ಹೊತ್ತುಕೊಂಡು ಶಾಲೆಗೆ ಹೋಗುತ್ತಾಳಲ್ಲ ಎನ್ನಿಸಿತು.

"ಅದನ್ನ ಬರಿಬ್ಯಾಡ" ಎಂದಳು.

"ಯಾಕಜ್ಜಿ?"

"ನಮ್ಮವ್ವ ಕೊಟ್ಟಿದ್ದಲ್ಲ. ಕೂಸು ಎದ್ದು ಅಳ್ತಿತ್ತು. ಇನ್ನೊಂದು ಸಲ ನಾನು ಕೊಟ್ಟೆ."

ಅಂಜಿನವ್ವ ಮಕ್ಕಳನ್ನು ಬಿಟ್ಟು ಮೈಲಮ್ಮನ ಕಡೆ ತಿರುಗಿದಳು.

"ನಿಮ್ಮವ್ವಗೆ ಗೊತ್ತಿತ್ತೇನೇ?"

"ಗೊತ್ತಿತ್ತು."

ಅಂಜಿನವ್ವ ತಿರುಗಿ ಹೋಗಿ ಬೆಂಚಿನ ಮೇಲೆ ಕುಳಿತಳು. ಅವಳ ಬಗ್ಗೆ ನಾವು ಏನೇನೋ ಆಡಿಬಿಟ್ಟೆವಲ್ಲ ಎಂದು ತನ್ನಷ್ಟಕ್ಕೆ ಹೇಳಿಕೊಂಡು, ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಸುಧಾ ಬರೆದದ್ದನ್ನು ಅಡ್ಡಗೆರೆ ಎಳೆದು ಹೊಡೆದುಹಾಕಿದಳು. ಅಲ್ಲಿ ಬೇರೆ ಏನು ಬರೆಯಬೇಕೆಂದು ತಿಳಿಯದೆ ಪೆನ್ಸಿಲ್ಲು ಹಿಡಿದು ನಿಂತಳು.

ಅಷ್ಟು ಹೊತ್ತೂ ಗಾಜಿಗೆ ಮೂಗು ಒತ್ತಿಕೊಂಡು ನಿಂತಿದ್ದ ಅಶ್ವಥ್, "ಆಗ ನಿಂಗೆಷ್ಟು ವರ್ಷ ಆಗಿತ್ತಜ್ಜಿ?" ಎಂದ.

"ಎಂಟು."

"ನಂಗೂ ಎಂಟು" ಎಂದ ಅವನು.

ಮೈಲಮ್ಮ ಅವನನ್ನು ನೋಡಿದಳು. ಅಂಗಿಯ ಗುಂಡಿ ಮೇಲೆ ಕೆಳಗೆ ಹಾಕಿಕೊಂಡಿದ್ದ. ಬೂಟಿನ ದಾರ ಬಿಚ್ಚಿಕೊಂಡು ನೆಲದ ಮೇಲೆ ಎಳೆಯುತ್ತಿತ್ತು, ಅದನ್ನು ಕಟ್ಟಿಕೊಳ್ಳಲು ಅವನಿಗಿನ್ನೂ ಬರುತ್ತಿರಲಿಲ್ಲ. ಅವಳು ಅವನ ಬಲಗೈಯನ್ನು ಎತ್ತಿ ತನ್ನ ಅಂಗೈ ಮೇಲೆ ಇಟ್ಟುಕೊಂಡಳು. ಒಂದೊಂದೇ ಬೆರಳನ್ನು ಬಿಡಿಸಿ ನೋಡಿದಳು.

"ಬಿಡಜ್ಜಿ, ಕಚಗುಳಿ ಆಗ್ತೈತೆ" ಎಂದು ಅವನು ನಕ್ಕ. ಅವಳು ಬಿಡಲಿಲ್ಲ.