ಹಳದಿಗೆ ಇಲ್ಲ

"ಹಳದಿ," ಎಂದಳು ಪಟ್ಟಿಯಕ್ಕ, ಮಗುವಿನ ತೋಳಿಗೆ ಸುತ್ತಿದ ಬಣ್ಣದ ಪಟ್ಟಿಯನ್ನು ಸಡಿಲಿಸುತ್ತ.

ಅಜ್ಜಿಯ ಮುಖ ಅರಳಿತು. ತೀರಾ ಸೊರಗಿದ ತೋಳಿಗೆ ಕೆಂಪು, ಸ್ವಲ್ಪ ತುಂಬಿಕೊಂಡರೆ ಹಳದಿ; ಹೋದ ಸಲ ಕೆಂಪಿನಲ್ಲಿದ್ದ ತೋಳು ಅದು. ಮಗಳು ಗಡಿ ದಾಟುವ ಹಾದಿಯಲ್ಲೇ ಕಣ್ಣು ಮುಚ್ಚಿದ ಮೇಲೆ ಮೊಮ್ಮಗ ಅವಳ ಮಡಿಲಿಗೆ ಬಿದ್ದಿದ್ದ. ಎರಡು ವರ್ಷ ತುಂಬಿದರೂ ನಿಲ್ಲಲಾರ. ಒಂದು ತಿಂಗಳಿಂದ ತನ್ನ ಪಾಲಿನ ಅರ್ಧವನ್ನೂ ಅವನಿಗೇ ಹಾಕಿದ್ದಳು. ನಲವತ್ತು ವರ್ಷ ಬಟ್ಟೆ ಹೊಲಿದವಳು; ವಾರಕ್ಕೊಮ್ಮೆ ಅವನ ತೋಳಿಗೆ ದಾರ ಸುತ್ತಿ ನೋಡುತ್ತಿದ್ದಳು. ಈ ವಾರ ದಾರ ಒಂದು ಕಾಳಿನಷ್ಟು ಹೆಚ್ಚು ಬೇಕಾದಾಗ ಅಕ್ಕಪಕ್ಕದ ಡೇರೆಗಳಿಗೆಲ್ಲ ಹೇಳಿಕೊಂಡು ಬಂದಿದ್ದಳು.

"ಒಳ್ಳೇದಾಯ್ತಲ್ಲ. ಪೊಟ್ಟಣ ಕೊಡು ತಾಯಿ, ಹೋಗ್ತೀನಿ."

ಶೇಂಗಾ ಅರೆದು ಹಾಲಿನ ಪುಡಿ ಸೇರಿಸಿದ ಅಂಗೈಯಗಲದ ಪೊಟ್ಟಣ, ದಿನಕ್ಕೊಂದು. ಮಗು ಇಷ್ಟು ದಿನ ಉಸಿರು ಹಿಡಿದಿದ್ದು ಅದರಿಂದಲೇ.

ಪಟ್ಟಿಯಕ್ಕ ತಲೆ ಎತ್ತಲಿಲ್ಲ. ಅವಳೂ ಇದೇ ನಿರಾಶ್ರಿತರ ಶಿಬಿರದವಳು. ನಾಲ್ಕಕ್ಷರ ಬಲ್ಲವಳೆಂದು ಅಳೆಯುವ ಕೆಲಸ ಸಿಕ್ಕಿತ್ತು. "ಅಜ್ಜಿ, ಈ ತಿಂಗಳಿಂದ ಹಳದಿಗೆ ಇಲ್ಲ. ಸರ್ಕಾರ ನೆರವು ಕಡಿತ ಮಾಡಿದೆಯಂತೆ. ಕೆಂಪಿನವರಿಗೆ ಮಾತ್ರ."

"ಮತ್ತೆ ನಾನೇನು ಮಾಡ್ಲಿ?"

"ಹದಿನೈದು ದಿನ ಬಿಟ್ಟು ಬನ್ನಿ. ಕೆಂಪಿಗೆ ಇಳಿದಿದ್ರೆ ಕೊಡ್ತೀವಿ."

ಹಿಂದೆ ನಿಂತಿದ್ದ ಬಾಯಿಬಡುಕಿ ಹೆಂಗಸು ನಕ್ಕಳು. "ನಿಮ್ಮ ಸಾಕಣೆ ಜಾಸ್ತಿಯಾಯ್ತು ಅಜ್ಜಿ. ನನ್ನ ನೋಡಿ. ಕೆಂಪು ಬರ್ಲಿ ಅಂತ ನಾಲ್ಕು ದಿನದಿಂದ ಬರೀ ನೀರು ಕುಡಿಸ್ತಿದೀನಿ."

ಸಾಲಿನಲ್ಲಿ ಒಬ್ಬಿಬ್ಬರು ನಗಲು ಹೋಗಿ ಅತ್ತ ತಿರುಗಿ ನೋಡಿದರು. ಅವಳ ಸೊಂಟದ ಮೇಲಿದ್ದ ಕೂಸು ಹೆಗಲಿಗೆ ಒರಗಿಸಿದ ತಲೆ ಎತ್ತಿರಲಿಲ್ಲ.

ಅಜ್ಜಿ ಬಗ್ಗಿ ದನಿ ತಗ್ಗಿಸಿದಳು. "ಸ್ವಲ್ಪ ಬಿಗಿ ಹಿಡಿ ಮಗಳೇ. ಅಳತೆ ತಗೊಂಡ ಕೈ ನಂದೂ. ಎರಡು ಗೆರೆ ಏನು ಮಹಾ?"

"ಸಾಹೇಬ್ರು ಮತ್ತೆ ಅಳೀತಾರೆ. ಹೋದ ವಾರ ಬಿಗಿ ಹಿಡಿದವಳನ್ನ ಕೆಲಸದಿಂದ ತೆಗೆದ್ರು. ನನಗೂ ಮೂರು ಮಕ್ಕಳಿದಾವೆ ಅಜ್ಜಿ."

ಸಾಹೇಬ ಡೇರೆಯ ಬಾಯಲ್ಲಿ ಮೇಜು ಹಾಕಿಕೊಂಡು ಕೂತಿದ್ದ. ಸರ್ಕಾರದ ಕಡೆಯಿಂದ ತಪಾಸಣೆಗೆ ಬಂದವನು, ತೀರಿಹೋದ ಮಗಳ ವಯಸ್ಸಿನವನು. ಕೆಟ್ಟ ಮುಖವೇನಲ್ಲ. ಅಜ್ಜಿ ಮಗುವನ್ನು ಎತ್ತಿಕೊಂಡು ಅವನ ಮುಂದೆ ನಿಂತಳು. ಇಲ್ಲ ಅನ್ನುವುದರಲ್ಲಿ ನೂರು ಬಗೆ ಕಂಡವಳು ಅವಳು. ಬಾಗಿಲು ಹಾಕಿಕೊಂಡು ಹೇಳಿದ್ದು, ಕೋವಿ ತೋರಿಸಿ ಹೇಳಿದ್ದು. ಮಗು ಚೇತರಿಸಿಕೊಂಡಿದೆ, ಅದಕ್ಕೇ ಇಲ್ಲ ಅನ್ನುವುದು ಮಾತ್ರ ಹೊಸದು.

"ಸ್ವಾಮಿ, ಒಂದು ಚೀಟಿ ಬರೆದು ಕೊಡಿ."

"ಏನಂತ ಅಜ್ಜಿ?"

"ಇವನನ್ನ ಎಷ್ಟು ದಿನ ಉಪವಾಸ ಕೆಡವಬೇಕು ಅಂತ. ನಾನು ಹೊಲಿಯೋಕೆ ಬಟ್ಟೆ ಇಸ್ಕೊಂಡ್ರೆ ಇಂಥ ದಿನ ಕೊಡ್ತೀನಿ ಅಂತ ಹೇಳಿ ಕಳಿಸ್ತಿದ್ದೆ. ನೀವೂ ಹೇಳಿ. ಐದು ದಿನವೋ, ಎಂಟು ದಿನವೋ."

"ಉಪವಾಸ ಕೆಡವಿ ಅಂತ ಯಾರು ಹೇಳಿದ್ರು?"

"ಕೆಂಪಾಗಿ ಬರ್ಲಿ ಅಂದ್ರಲ್ಲ. ಉಣ್ಣೋಕೆ ಹಾಕಿದ್ರೆ ಆಗತ್ತಾ?"

ಅವನು ಹಣೆ ಒರೆಸಿಕೊಂಡ. "ಮೇಲಿಂದ ಬಂದ ಆದೇಶ ಅಜ್ಜಿ. ನನ್ನ ಕೈಲಿ ಏನೂ ಇಲ್ಲ."

"ಪೆನ್ನಿದೆಯಲ್ಲ. ಬರೀರಿ. ಮೇಲಿನವರಿಗೂ ಒಂದು ಕಳಿಸಿ. ಕೆಳಗೆ ನಾನು ಹೆಬ್ಬೆಟ್ಟು ಒತ್ತೀನಿ."

ಬಾಯಿಬಡುಕಿ ಬಂದು ಪಕ್ಕದಲ್ಲಿ ನಿಂತಳು. ಈಗ ನಗುತ್ತಿರಲಿಲ್ಲ. "ನನಗೂ ಒಂದು ಚೀಟಿ," ಎಂದಳು. ಹಳದಿ ಎನಿಸಿಕೊಂಡು ಹೊರಟಿದ್ದ ಏಳೆಂಟು ಹೆಂಗಸರು ತಿರುಗಿ ಬಂದು ಅವಳ ಹಿಂದೆ ನಿಂತರು. ಆಮೇಲೆ ಪಟ್ಟಿಯಕ್ಕ ಎದ್ದು ಬಂದಳು. ಕೈಯಲ್ಲಿದ್ದ ಪಟ್ಟಿಯನ್ನು ಮೇಜಿನ ಮೇಲಿಟ್ಟಳು.

"ಬರೀರಿ ಸಾರ್. ಅವರಿಗೆ ಓದಿ ಹೇಳೋಕೆ ನಾನಿದೀನಿ."

ಸಾಹೇಬ ಕಾಗದ ಎಳೆದುಕೊಂಡ, ಪೆನ್ನಿನ ಮುಚ್ಚಳ ತೆಗೆದ. ಮೊದಲ ಅಕ್ಷರದ ಜಾಗದಲ್ಲಿ ಮೊನೆ ಊರಿದ. ಅಲ್ಲೊಂದು ಚುಕ್ಕೆ ಮೂಡಿ ಅಗಲವಾಗುತ್ತ ಹೋಯಿತು. ಮುಚ್ಚಳ ಹಾಕಿ, "ಮೇಲೆ ಕೇಳಿ ನೋಡ್ತೀನಿ," ಎಂದು ಎದ್ದ. ಉಳಿದ ಪೊಟ್ಟಣಗಳ ಪೆಟ್ಟಿಗೆಯನ್ನು ಜೀಪಿಗೆ ಹಾಕಿಸಿದ. ಪಟ್ಟಿಯಕ್ಕನಿಗೆ, ನಾಳೆಯಿಂದ ಬರುವುದು ಬೇಡ ಎಂದ.

"ನಾಳೆ ಎಲ್ರೂ ಬರೋಣ," ಎಂದಳು ಬಾಯಿಬಡುಕಿ, ಜೀಪಿನ ಧೂಳು ಕಣ್ಣಿಂದ ಒರೆಸುತ್ತ. "ಬರೆದು ಕೊಡೋವರೆಗೂ."

ಡೇರೆಗೆ ಬಂದು ಅಜ್ಜಿ ಗಂಜಿ ಕಾಸಿದಳು. ಬೆಳಗಿನದೇ, ನೀರು ಹೊಯ್ದು ಹೆಚ್ಚಿಸಿದ್ದು. ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಚಮಚ ತುಂಬಿ ಆರಿಸಿದಳು. ಕೈ ಅರ್ಧಕ್ಕೆ ಬಂದು ನಿಂತಿತು. ಹದಿನೈದು ದಿನ. ಅವಳು ಚಮಚವನ್ನೇ ನೋಡುತ್ತ ಕೂತಳು.

ಮಗು ಎರಡೂ ಕೈಯಿಂದ ಅವಳ ಮಣಿಕಟ್ಟು ಹಿಡಿದು, ತನ್ನ ಬಾಯಿಯ ಕಡೆಗೆ ಎಳೆದುಕೊಂಡಿತು.